ಯಾರೂ ಹತ್ತಿರ ಬರುವಂತಿಲ್ಲ

ವಿಕಿರಣ ಸೂಸುವ ಔಷಧಿಯನ್ನು ಆಸ್ಪತ್ರೆಗಳಿಗೆ ಸಾಗಿಸುವ ಸೀಸದ ಡಬ್ಬಿಗಳನ್ನು ವಿನ್ಯಾಸ ಮಾಡುವುದು ಯಮುನಾಳ ಕೆಲಸ. ಎತ್ತರದಿಂದ ಬೀಳಿಸಿ, ನೀರು ಸುರಿದು, ಭಾರ ಹೇರಿ ನೋಡಿದ ಮೇಲೆಯೇ ಅವಳು ಡಬ್ಬಿಯನ್ನು ಒಪ್ಪುತ್ತಿದ್ದಳು. ಇಂದು ಅಂಥದೇ ಒಂದು ಡಬ್ಬಿಯಲ್ಲಿ ಅವಳದೇ ಥೈರಾಯ್ಡ್ ಕ್ಯಾನ್ಸರಿಗೆಂದು ಔಷಧಿ ಬಂದಿತ್ತು.

"ಇದನ್ನ ಕುಡಿದ ಮೇಲೆ ಕೆಲವು ದಿನ ನಿಮ್ಮ ಹತ್ರ ಯಾರೂ ಬರೋ ಹಾಗಿಲ್ಲ ಮೇಡಂ," ಎಂದಳು ನರ್ಸ್.

"ಫೋನ್ ಒಳಗೆ ತರಬೇಡಿ ಅಂದ್ರಲ್ಲ, ನೀವೇ ನಮ್ಮಣ್ಣನಿಗೆ ಹೇಳಿಬಿಡಿ, ಬರೋದು ಬೇಡ ಅಂತ. ಇಲ್ಲಾಂದ್ರೆ ಓಡಿ ಬಂದುಬಿಡ್ತಾನೆ."

ಬಾಯಿಪಾಠವಾಗಿದ್ದ ನಂಬರನ್ನು ಹೇಳಿ ಯಮುನಾ ಔಷಧಿ ಕುಡಿದಳು.

ಸಂಜೆ ನರ್ಸ್ ಬಾಗಿಲ ಗಾಜಿನಾಚೆ ನಿಂತು ತಡವರಿಸಿದಳು.

"ಹೇಳಿದ್ರಾ?"

"ಆ ನಂಬರು ನಾಲ್ಕು ವರ್ಷದಿಂದ ಬೇರೆ ಯಾರದೋ ಅಂತೆ ಮೇಡಂ. ಆದ್ರೂ ಅವರು, ಬೇಗ ಹುಷಾರಾಗ್ಲಿ ಅಂದ್ರು."