ಭಂಡಾರದ ಮುಖ

‘ಮುಖ ತಾಳೆಯಾಗುತ್ತಿಲ್ಲ’ ಎಂದು ಹಾಜರಿ ಹಾಕುವ ಮೊಬೈಲು ಮತ್ತೆ ತೋರಿಸಿತು. ರಾಜಮತಿ ಟೀಚರು ಅದನ್ನು ಇನ್ನಷ್ಟು ಹತ್ತಿರ ಹಿಡಿದರು. ಎದುರಿಗೆ ಎರಡನೆಯ ತರಗತಿಯ ಕೋಮಲ ರೆಪ್ಪೆ ಬಡಿಯದೆ ನಿಂತಿದ್ದಳು. ಜ್ವರ ಬಿಟ್ಟರೆ ಮೊಮ್ಮಗಳ ಕೂದಲು ಕೊಡುತ್ತೇನೆಂದು ಆಯಿ ಹೊತ್ತಿದ್ದ ಹರಕೆ ನಿನ್ನೆ ಮಂಗಸೂಳಿಯ ಮಲ್ಲಯ್ಯನ ಗುಡಿಯಲ್ಲಿ ತೀರಿತ್ತು. ಬೋಳಿಸಿದ ತಲೆಗೂ ಕೆನ್ನೆಗೂ ಭಂಡಾರದ ಅರಿಸಿನ ಮೆತ್ತಿಕೊಂಡಿತ್ತು.

“ಮುಖಾ ತೊಳ್ಕೊಂಡ ಬಾರವಾ.”

“ಭಂಡಾರ ತೊಳಿಬ್ಯಾಡ ಅಂತ ಆಯಿ ಹೇಳ್ಯಾಳ್ರಿ, ಅಕ್ಕೋರ” ಅಂದಳು ಹುಡುಗಿ. ಆದರೂ ಹೋಗಿ ನಳದ ಕೆಳಗೆ ತಿಕ್ಕಿ ತಿಕ್ಕಿ ತೊಳೆದುಕೊಂಡು ಬಂದಳು. ಮೊಬೈಲಿನೊಳಗಿದ್ದ ಹಳೆಯ ಫೋಟೋದಲ್ಲಿ ಅವಳಿಗೆ ಎರಡು ಜಡೆಗಳಿದ್ದವು. ಅದಕ್ಕೇ ಗೆಳತಿಯ ಎರಡು ರಿಬ್ಬನ್ನು ಇಸಿದುಕೊಂಡು, ಎರಡೂ ಕಿವಿಯ ಪಕ್ಕ ಒತ್ತಿ ಹಿಡಿದು, ಫೋಟೋದಲ್ಲಿದ್ದಂತೆಯೇ ನಕ್ಕಳು. ಮೊಬೈಲು ಒಪ್ಪಲಿಲ್ಲ. ಹೊತ್ತು ಮೀರುತ್ತಲೇ ಅವಳ ಹೆಸರಿನ ಮುಂದೆ ‘ಗೈರುಹಾಜರು’ ಎಂದು ತಾನಾಗಿಯೇ ಬಿತ್ತು. ಕತ್ತಲಲ್ಲಿ ಕೆಮ್ಮಿದರೂ ಇವಳು ಕೋಮಲ ಎಂದು ಹೇಳಬಲ್ಲ ಟೀಚರಿಗೆ, ಆ ಹಟಮಾರಿ ಯಂತ್ರಕ್ಕೆ ಅದನ್ನು ತಿಳಿಸುವ ದಾರಿಯೇ ಇರಲಿಲ್ಲ.

“ಇರ್ಲಿ ಬಿಡವಾ, ನೀ ಬಂದದ್ದು ನನಗ ಗೊತ್ತೈತಿ” ಎಂದು ಅವಳ ತಲೆ ಸವರಿ ಪಾಠ ಶುರು ಮಾಡಿದರು.

ಮಧ್ಯಾಹ್ನ ಊಟದ ಗಂಟೆಯಾಯಿತು. ಮಕ್ಕಳೆಲ್ಲ ವರಾಂಡದಲ್ಲಿ ಎದುರುಬದುರು ಕೂತು ತಾಟು ಬಡಿಯತೊಡಗಿದರು. ಕೋಮಲ ಮಾತ್ರ ತನ್ನ ತಾಟನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತಿದ್ದಳು.

“ಯಾಕವಾ? ಬಾ, ಕುಂದರು.”

“ನಾ ಇವತ್ತ ಸಾಲಿಗಿ ಬಂದಿಲ್ಲಲ್ರಿ, ಅಕ್ಕೋರ.”