ಲುವೋದಲ್ಲೇ ಹೇಳು

"ಬ್ಯಾಡ್ಜಲ್ಲಿ 'ಫಲಾನುಭವಿ' ಅಂತಿದೆ ಸರ್. ನಾನು ಇಂಟರ್ನ್ ಅಲ್ವಾ?" ಅವಿನೋ ಊರುಗೋಲಿಗೆ ಆತುಕೊಂಡು ಕೇಳಿದಳು.

"ಇರಲಿ ಬಿಡು ಮಗಳೇ," ಸಂಸ್ಥೆಯ ನಿರ್ದೇಶಕ ಒಕೇಲೋ ನಕ್ಕ. "ದುಡ್ಡು ಕೊಡೋ ವಿದೇಶದವರು ನೋಡೋಕೆ ಬಂದಿರೋದೇ ನಿನ್ನಂಥವರನ್ನ. ವರದಿ ಒಲುವೋಚ್ ಓದ್ತಾನೆ. ನೀನು ನಿನ್ನ ಕಷ್ಟ ಹೇಳ್ಕೋ. ಇಂಗ್ಲಿಷ್ ಬೇಡ, ಲುವೋದಲ್ಲೇ ಹೇಳು. ಅವನೇ ಅನುವಾದ ಮಾಡ್ತಾನೆ."

ಅಂಗವಿಕಲರಿಗೆ ಸರ್ಕಾರಿ ಕಟ್ಟಡಗಳಲ್ಲಿ ಇಳಿಜಾರು ದಾರಿ ಬೇಕೆಂಬ ಆ ವರದಿಯನ್ನು, ಆರು ತಿಂಗಳು ಕೀನ್ಯಾದ ಕಿಸುಮು ನಗರದ ಕಚೇರಿ ಕಚೇರಿ ಅಲೆದು ಬರೆದವಳು ಅವಿನೋ. ಸಂಸ್ಥೆಯ ಅಧಿಕಾರಿ ಒಲುವೋಚನ ಇಂಗ್ಲಿಷನ್ನು ತಿದ್ದುತ್ತಿದ್ದವಳೂ ಅವಳೇ. ಸಭೆಯಲ್ಲಿ ಮೈಕು ಕೈಗೆ ಬಂದಾಗ ಅವಳು ಲುವೋದಲ್ಲೇ ಹೇಳಿದಳು: "ಈ ವರದಿ ಬರೆದಿದ್ದು ನಾನು. ಬರೆಸಿದ ಆಫೀಸಿಗೇ ಇಳಿಜಾರಿಲ್ಲ. ದಿನಾ ಇಪ್ಪತ್ತೆರಡು ಮೆಟ್ಟಿಲು ಕುಂಡಿ ಊರ್ಕೊಂಡು ಹತ್ತಿದೀನಿ."

ಹಿಂದಿನ ಸಾಲಿನ ಲುವೋ ಮಂದಿ ತಲೆ ತಗ್ಗಿಸಿದರು. ಒಲುವೋಚ್ ಮೈಕು ಕಿತ್ತುಕೊಂಡು, ಅವಳ ಮುಖ ನೋಡದೆ, ಇಂಗ್ಲಿಷಿನಲ್ಲಿ ಹೇಳಿದ: "ನೆಲದ ಮೇಲೆ ತೆವಳ್ತಿದ್ದ ನನ್ನನ್ನ ಈ ಸಂಸ್ಥೆ ಮೇಲಕ್ಕೆತ್ತಿತು, ಸಾಯೋತನಕ ಮರೆಯಲ್ಲ ಅಂತಿದ್ದಾಳೆ."

ವಿದೇಶಿಯರು ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು. "ಸುಳ್ಳು!" ಎಂದು ಅವಿನೋ ಇಂಗ್ಲಿಷಿನಲ್ಲೇ ಕಿರುಚಿದಳು. ಆ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.