ಮೆಟ್ಟಿಲ ಗೋಡೆಯ ಗಾಜು

ಬಿರುಕಿಗೆ ಅಡ್ಡಲಾಗಿ ಮೆತ್ತಿದ್ದ ಗಾಜಿನ ಪಟ್ಟಿ ಒಡೆದಿರಲಿಲ್ಲ. ಆದರೆ ಅದು ತಾನು ಮೆತ್ತಿದ ಗಾಜಲ್ಲ ಎಂದು ತಿಳಿದೊಡನೆ ಬೆರ್ಮೆತ್ ಮೆಟ್ಟಿಲ ಮೇಲೇ ನಿಂತುಬಿಟ್ಟಳು.

ಬಿಷ್ಕೆಕ್‌ನ ಆ ಹಳೆಯ ಕಟ್ಟಡದಲ್ಲಿ ಮನೆಗೊಬ್ಬ ಮಾಲೀಕ. ಮೆಟ್ಟಿಲ ಗೋಡೆ ಮಾತ್ರ ಎಲ್ಲರದು, ಅಂದರೆ ಯಾರದೂ ಅಲ್ಲ. ಅದು ಬಿರುಕು ಬಿಟ್ಟಾಗ ಎಂಜಿನಿಯರ್ ಬಂದು ಗಾರೆಯಿಂದ ಗಾಜು ಮೆತ್ತಿ, ಇದು ಒಡೆದರೆ ಗೋಡೆ ಸರಿಯುತ್ತಿದೆ ಎಂದರ್ಥ ಎಂದಿದ್ದ. ಒಡೆದ ದಿನವೇ ಎಲ್ಲರೂ ಮನೆ ಖಾಲಿ ಮಾಡಿ, ಒಟ್ಟಾಗಿ ರಿಪೇರಿ ಮಾಡಿಸುವುದೆಂದು ಅಂಗಳದಲ್ಲಿ ಮಾತಾಗಿತ್ತು. ಹೋದ ವಾರ ಅದು ಒಡೆದದ್ದನ್ನು ಮೊದಲು ಕಂಡವಳು ಬೆರ್ಮೆತ್. ಹಾಸಿಗೆ ಹಿಡಿದ ಅತ್ತೆಯನ್ನು ಈ ಹಿಮದಲ್ಲಿ ಎಲ್ಲಿಗೆ ಹೊತ್ತೊಯ್ಯುವುದು? ತನ್ನ ಕಿಟಕಿಯ ಹಸಿರು ಗಾಜಿನ ಚೂರೊಂದನ್ನು ಯಾರಿಗೂ ಕಾಣದಂತೆ ತಂದು ಅಲ್ಲಿ ಮೆತ್ತಿದ್ದಳು. ಈಗ ಅಲ್ಲಿರುವ ಗಾಜಿನ ಮೇಲೆ ಕೆತ್ತಿದ ಅರ್ಧ ಹೂವಿತ್ತು. ಅದು ಎದುರುಮನೆಯ ಜಿಪಾರಾಳ ಪಿಂಗಾಣಿ ಪಾತ್ರೆಗಳ ಕಪಾಟಿನ ಗಾಜಿನ ಬಾಗಿಲ ಹೂವು.

"ಏನೇ, ಬೆಳಗಾದ್ರೆ ಸಾಕು, ಗೋಡೆ ದರ್ಶನಾನಾ?" ಮೆಟ್ಟಿಲಿಳಿದು ಬಂದ ಜಿಪಾರಾ ಗೋಡೆಗೆ ಕೈಯಾನಿಸಿ ನಕ್ಕಳು. "ಗಾಜು ಗಟ್ಟಿಯಾಗೇ ಇದೆ. ಸುಮ್ನೆ ಹೆದರ್ಕೋಬೇಡ."

"ಎಜೆ," ಎಂದಳು ಬೆರ್ಮೆತ್. ಹಿರಿಯಕ್ಕನನ್ನು ಕರೆಯುವ ಆ ಮಾತೂ ಪಿಸುದನಿಯಲ್ಲಿತ್ತು. "ನಾನು ಮೆತ್ತಿದ್ದು ಹಸಿರು ಗಾಜು. ಅದೂ ಒಡೆದ್ಹೋಯ್ತಾ?"

ಜಿಪಾರಾಳ ನಗು ಆರಿಹೋಯಿತು. ಕೆಂಡ ಮುಟ್ಟಿದವಳಂತೆ ಗೋಡೆಯಿಂದ ಕೈ ಹಿಂದಕ್ಕೆಳೆದುಕೊಂಡಳು.

"ಹಸಿರಾ? ಇಲ್ಲ ಕಣೇ... ಒಡೆದಿದೆ ಅಂತ ನಾನು ಕಿತ್ತಿದ್ದು ಕನ್ನಡಿ ಚೂರು."